ತೂಕದ ರವಿವಾರ

ಹಳೇ ಹುಬ್ಬಳ್ಳಿ ಗರಡಿಮನಿ ಕಟ್ಟಿಮ್ಯಾಲೆ
ರವಿವಾರಕ್ಕೊಮ್ಮೆ ತೂಕದ ಮಷಿನ್ ಬಂದು ಕುಂದರತೈತಿ.
ಎದುರಿಗೆ ನನ್ನ ಮಿರ್ಚಿ ಗಾಡಿ.
ನೂರು ಹೆಜ್ಜಿ ಆಚೆ ಹಚ್ಚವ್ವ ಅಂದಾರ ವಾರ್ಡಿನವರು.
ಎಣಿಸಿಯೇ ಹಚ್ಚೇನಿ,
ಹೆಜ್ಜಿ ಮಾತ್ರ ನನ್ನ ಸಣ್ಣ ಮೊಮ್ಮಗಳವು.

ಒಬ್ಬೊಬ್ಬರ ನಾಲಗಿ ನನಗ ಗೊತ್ತು:
ನಿಹಾಲಗ ಎರಡು ಮಿರ್ಚಿ, ಮ್ಯಾಲೆ ಉಪ್ಪು,
ತನುಶ್ರೀಗೆ ಗಿರಮಿಟ್ಟು, ಉಳ್ಳಾಗಡ್ಡಿ ಬ್ಯಾಡ.
ಕಿಲೋ ಗೊತ್ತಿರಲಿಲ್ಲ.

ಮೊದಲನೇ ವಾರ ಸಿಸ್ಟರು ಮೈಕಿನ್ಯಾಗ ಕೂಗಿದ್ರು:
“ನಿಹಾಲ ಬಾರಕೇರ, ವಯಸ್ಸು ಹನ್ನೊಂದು, ಐವತ್ತೆಂಟು!”
ಸಾಲಿನ್ಯಾಗ ಯಾವನೋ ನಕ್ಕ.
ಹುಡುಗ ಮಷಿನ್ ಮ್ಯಾಲಿಂದ ಇಳೀಲೇ ಇಲ್ಲ,
ಇಳಿದ್ರ ಎಲ್ಲಿ ನಿಲ್ಲೂದು ತಿಳೀದವನಂಗ.

ಮೌಲಾಸಾಬ ಉಸ್ತಾದ ಎದ್ದ,
ಎಪ್ಪತ್ತು ದಾಟಿದ ಬಾತ ಮೊಣಕಾಲು ಹಿಡಕೊಂಡು.
ಮೈಕ್ ಕಸಗೊಂಡು ಬಗಲಾಗ ಇಟ್ಟ.
“ತೂಕಾ ಏರಲಿ ಅಂತ ಇದ ಮಣ್ಣಿನ್ಯಾಗ
ಬದಾಮಿ ಅರೆದು ಕುಡಿಸ್ಯಾರ ನಮಗ. ಬಾ ಇಲ್ಲೆ.”
ಕೆಂಪು ಮಣ್ಣಾಗ ನಿಲ್ಲಿಸಿ
ಮೂವರನ್ನ ಬಿಟ್ಟ ನೂಕಾಕ.
ಅಳ್ಳಾಡಲಿಲ್ಲ ಹುಡುಗ.
“ಹೂಂ. ಬುನಾದಿ ಐತಿ. ಇನ್ನ ಓಡೂದು ಕಲಿ.”
ಅವತ್ತಿಂದ ಅಂಕಿ ಚೀಟಿಯೊಳಗ ಬರೀತಾರ,
ಮಡಿಚಿ ಕೈಯಾಗ ಇಡತಾರ.

ಓಡಾಕರೆ ಎಲ್ಲೈತಿ ಜಾಗಾ?
ಬಯಲು ಕಲ್ಯಾಣ ಮಂಟಪದ ಪಾರ್ಕಿಂಗ್ ಆತು,
ಓಣಿ ತುಂಬ ಬೈಕು.
ಗರಡಿ ಸುತ್ತನ ಓಡತಾವ, ಗಾಣದ ಎತ್ತಿನಂಗ,
ನಡುವ ಒಂದ ಚಪ್ಪಲಿ ಹಾರತೈತಿ, ಎಲ್ಲಾ ನಿಲ್ಲತಾವ.

ಊಟದ ಬಾಯಾರು ಚಿತ್ರದ ಹಾಳಿ ತೂಗಹಾಕ್ಯಾರ.
ಅದರಾಗಿನ ಹಸಿರು ಹೂಕೋಸು
ದುರ್ಗದಬೈಲಿನ್ಯಾಗ ನಾ ಕಂಡಿಲ್ಲ.
ತಾಯಂದಿರ ಬುತ್ಯಾಗ ಬಂದದ್ದು ಬ್ಯಾರೆ:
ಬಿಳಿಜೋಳದ ರೊಟ್ಟಿ, ಮಡಿಕಿಕಾಳು, ಹಸಿ ಮೆಂತೆದ ಸೂಡು.
ನಾನೂ ಒಂದು ವಾರ ಕಾಳು ಕುದಿಸಿಟ್ಟೆ.
ಉಸ್ತಾದ ಒಬ್ಬನ ತಿಂದ, ರೊಕ್ಕಾ ಕೊಡಲಿಲ್ಲ.

ನಿನ್ನೆ ನಿಹಾಲ ಬಂದು ನಿಂತ, ಹಣಿಮ್ಯಾಲೆ ಬೆವರು, ಮಣ್ಣು.
“ಆಯಿ, ಒಂದರಾಗ ಎಣ್ಣಿ ಎಷ್ಟ ಇರತೈತಿ?”
ಮೂವತ್ತು ವರ್ಷದಾಗ ಯಾರೂ ಕೇಳಿರಲಿಲ್ಲ.
ಹಳೇ ಪೇಪರಿನ್ಯಾಗ ಮಿರ್ಚಿ ಇಟ್ಟು ಒತ್ತಿದ್ನಿ.
ಹಾಳಿ ಗಾಜಿನಂಗಾತು.
ಹಿಂದಿನ ಪುಟದ ಸೀರಿ ಜಾಹೀರಾತು
ಈ ಕಡಿಂದ ಉಲ್ಟಾ ಓದಿದ ಹುಡುಗ,
ಒಂದೊಂದ ಅಕ್ಷರ ಕೂಡಿಸಿ, ಪೂರಾ.

ಆಮ್ಯಾಲೆ “ಅರ್ಧಾ ಕೊಡು” ಅಂದ.
ಅರ್ಧಕ್ಕ ರೇಟಿಲ್ಲ ನನ್ನ ಗಾಡ್ಯಾಗ.
ಹಂಗ ಕೊಟ್ಟೆ. ಉಳಿದರ್ಧ ನಾನ ತಿಂದ್ನಿ.

ನನ್ನ ತೂಕ ಯಾರು ಕೇಳ್ಯಾರು?
ಎಲ್ಲಾರೂ ಹೋದ ಮ್ಯಾಲೆ
ಚಪ್ಪಲಿ ಬಿಟ್ಟು
ಒಮ್ಮೆ ಹತ್ತಿ ನಿಂತು ನೋಡಬೇಕು,
ಮೈಕು ದೂರ ಇದ್ದಾಗ.