ಸೊನ್ನೆ ಸಿಕ್ಕವರ ಪಟ್ಟಿ

ಹಾಪ್ಸಾಲು ಊರಿನ ಮಕ್ಕಳ ಗ್ರಂಥಾಲಯದಲ್ಲಿ
ಮಾಯ್ಮು ಪಾಠ ಹೇಳುವವಳಲ್ಲ, ಆದರೂ
ಮೂವತ್ತೊಂದು ವರ್ಷ ಹಕಾರ ತಿದ್ದಿದ್ದಾಳೆ.
ಎಸ್ಟೋನಿಯಾದ ಆ ಕಡಲಂಚಿನ ನಾಲಿಗೆಗೆ ಹಕಾರವೆಂದರೆ
ಹೊಸಿಲಾಚೆ ಕಳಚಿ ಬಿಡುವ ಕೆಸರು ಬೂಟು.
ಮಕ್ಕಳು ತಮ್ಮೂರನ್ನೇ ಆಪ್ಸಾಲು ಎಂದು ಬರೆದು
ಚೀಟಿ ಚಾಚುವರು; ಅವಳು ಕೆಂಪು ಪೆನ್ಸಿಲಿನಲ್ಲಿ
ಬೂಟು ತೊಡಿಸಿ ವಾಪಸು ಕೊಡುವಳು.

ಕಾರ್ಡುಗಳ ಕಪಾಟು ಹೋದ ವರ್ಷವೇ ನೆಲಮಾಳಿಗೆಗೆ ಇಳಿಯಿತು.
ಅರವತ್ತು ಡ್ರಾಯರು. ಒಂದರಲ್ಲಿ ಈಗ ತೋಟದವನು ಬೀಜ ಇಡುತ್ತಾನೆ.
ಅದರ ಜಾಗದಲ್ಲಿ ಒಂದು ಪರದೆ,
ಮಂಗಳವಾರಕ್ಕೊಮ್ಮೆ ತಾಲಿನ್ನಿನಿಂದ ಬರುವ ಕಾರೆಲ್,
ಸೇಬು ಕಚ್ಚುತ್ತ ಪಾಠ ಹೇಳುವ ಹುಡುಗ.
‘ಇಲ್ಲಿ ಒತ್ತಿ. ಅಲ್ಲಲ್ಲ. ಒಂದೇ ಸಲ.’
ಅವಳು ಎರಡು ಸಲವೇ ಒತ್ತುವಳು.
ಬಾಗಿಲನ್ನು ಯಾರಾದರೂ ಒಂದೇ ಸಲ ತಟ್ಟುತ್ತಾರೆಯೇ?

ಪಾಸ್‌ವರ್ಡ್ ಮರೆತಳು. ಹೊಸದು ಕೊಟ್ಟ. ಅದನ್ನೂ.
ಕೊನೆಗೆ ಸತ್ತ ಬೆಕ್ಕಿನ ಹೆಸರು, ಅದು ಹುಟ್ಟಿದ ವರ್ಷ.
ಯಂತ್ರ ‘ಬಲಹೀನ’ ಎಂದಿತು.
ನಿಜವೇ, ಕಡೆಗಾಲದಲ್ಲಿ ಅದು ಹಾಲನ್ನೂ ನೆಕ್ಕುತ್ತಿರಲಿಲ್ಲ.

ಟ್ಯಾಗ್ ಮಾತ್ರ ಅರ್ಥವಾಯಿತು: ಜಾಮ್ ಬಾಟಲಿಗೆ
ಅಂಟಿಸುವ ಚೀಟಿ. ಅಷ್ಟೇ ತಾನೆ?
ಅಷ್ಟೇ, ಎಂದ ಕಾರೆಲ್.

ಒಂದು ಸಂಜೆ, ನಾಲ್ಕಕ್ಕೇ ಕತ್ತಲು, ಕೊಲ್ಲಿ ಹೆಪ್ಪುಗಟ್ಟಿ ಬೆಳ್ಳಗೆ,
ಏನನ್ನೋ ಒತ್ತಲು ಹೋಗಿ ಇನ್ನೇನನ್ನೋ ಒತ್ತಿದಳು.
ಪಟ್ಟಿಯೊಂದು ಬಿಚ್ಚಿಕೊಂಡಿತು:
ಈ ತಿಂಗಳು ಹುಡುಕಿದವು, ಸಿಗದವು.

ಡೈನೊಸಾರ್ ನಾಯಿ ಜಗಳ. ಸೊನ್ನೆ.
ರಾತ್ರಿ ಆಸಿಗೆ ಒದ್ದೆ ಆದ್ರೆ. ಸೊನ್ನೆ.
ತಂಗೀನ ವಾಪಸು ಕೊಡೋದು ಎಲ್ಲಿ. ಸೊನ್ನೆ.
ಅಡಗಲ್ಲಿ ಓದ ಅಮ್ಮ. ಸೊನ್ನೆ.
ಅಡಗಲ್ಲಿ ಓದ ಅಮ್ಮ ಯಾವಾಗ. ಸೊನ್ನೆ.
ಒಟ್ಟು ಒಂಬತ್ತು ಸಲ, ಹೆಚ್ಚಾಗಿ ರಾತ್ರಿ ಹನ್ನೊಂದರ ಮೇಲೆ.

ಕೆಂಪು ಪೆನ್ಸಿಲು ತಾನೇ ಎದ್ದು ಗಾಜಿಗೆ ತಾಗಿ ನಿಂತಿತು.
ಹಡಗಲ್ಲಿ ಹೋದ ಅಮ್ಮ.
ಹೆಲ್ಸಿಂಕಿಗೆ ಹೋಗಿ, ಆಸ್ಪತ್ರೆಯ ನೆಲ ತೊಳೆದು,
ಯಾರದೋ ಮುದುಕರ ಮೈ ಒರೆಸಿ,
ಎರಡು ವಾರಕ್ಕೊಮ್ಮೆ ಚಾಕೊಲೇಟು ಹಿಡಿದು ಬರುವ ಅಮ್ಮಂದಿರು
ಈ ಬೀದಿಯಲ್ಲೇ ಏಳೆಂಟು ಮಂದಿ.
ಯಾರ ಮಗು? ಪಟ್ಟಿ ಹೆಸರು ಹೇಳುವುದಿಲ್ಲ.
ಮೇಜಿನ ಮುಂದೆ ನಿಂತು ಯಾವ ಮಗುವೂ ಇದನ್ನು ಕೇಳಿಲ್ಲ.
ಕೇಳಿದ್ದರೆ
ಅವಳು ಮೊದಲು ಹಕಾರ ತಿದ್ದುತ್ತಿದ್ದಳು.

ಫೋನು ಹಚ್ಚಿದಳು: ತಪ್ಪು ಕಾಗುಣಿತವನ್ನು
ಟ್ಯಾಗಿನಲ್ಲಿ ಬರೆಯಬಹುದೇ?
ನಿಯಮದಲ್ಲಿ ಇಲ್ಲ, ಎಂದ ಕಾರೆಲ್. ಸೇಬಿನ ಸದ್ದು.
ಆಮೇಲೆ, ಯಂತ್ರವೇನೂ ತಡೆಯುವುದಿಲ್ಲ, ಎಂದ.

ಮೂರು ಪುಸ್ತಕ ಇಳಿಸಿದಳು. ಒಂದರಲ್ಲಿ ಹಡಗಿದೆ,
ಇನ್ನೊಂದರಲ್ಲಿ ಅಮ್ಮ. ಮೂರನೆಯದರಲ್ಲಿ ಎರಡೂ ಇಲ್ಲ,
ಮಂಜುಗಡ್ಡೆಯ ಮೇಲೆ ಒಂದು ಸೀಲ್ ಮರಿ ಕಾಯುತ್ತದೆ;
ತಾಯಿ ಬರುವುದು ಕೊನೆಯ ಪುಟಕ್ಕಿಂತ ಒಂದು ಪುಟ ಮೊದಲು,
ತಡವಾಗಿ, ಮೈಯೆಲ್ಲ ಉಪ್ಪಾಗಿ.

ಒಂದೇ ಬೆರಳಲ್ಲಿ, ಒಂದೊಂದೇ ಅಕ್ಷರ,
ಹಕಾರದ ಕೀಲಿಯನ್ನು ಹುಷಾರಾಗಿ ದಾಟಿ
ಮೂರಕ್ಕೂ ಬರೆದಳು: ಅಡಗಲ್ಲಿ ಓದ ಅಮ್ಮ.
(ನನ್ನ ನುಡಿಯಲ್ಲಿ ಈ ತಪ್ಪಿಗೆ
ಅಡಗುವುದೂ ಓದುವುದೂ ಬಂದು ಸಿಕ್ಕಿಕೊಳ್ಳುತ್ತವೆ.
ಅವಳ ನುಡಿಯಲ್ಲಿ ಏನು ಸಿಕ್ಕಿತೋ, ಕೇಳಲಿಲ್ಲ.)

ಬುಧವಾರ ಸೊನ್ನೆಯ ಜಾಗದಲ್ಲಿ ಮೂರು.
ಶುಕ್ರವಾರ ಕೆಳಸಾಲಿನಲ್ಲಿ ಸೀಲ್ ಮರಿ ಇರಲಿಲ್ಲ.
ಯಾರು ಒಯ್ದರೆಂದು ಯಂತ್ರಕ್ಕೆ ಗೊತ್ತು,
ಕೇಳುವುದು ಹೇಗೆಂದು ಅವಳಿಗೂ ಈಗ ಗೊತ್ತು,
ಒಂದೇ ಸಲ ಒತ್ತಿದರೆ ಸಾಕು.

ಪಕ್ಕದ ಪುಸ್ತಕಗಳನ್ನು ಸರಿಸದೆ,
ಬೆರಳಗಲದ ಆ ಸಂದನ್ನು ಹಾಗೇ ಬಿಟ್ಟು,
ದೀಪ ಆರಿಸಿ,
ಬಾಗಿಲಲ್ಲಿ ಬಗ್ಗಿ ಬೂಟು ಹಾಕಿಕೊಂಡಳು.