ಒದ್ದೆ ಹಗ್ಗ

ಬೈತಖೋಲದ ಹರಾಜು ಕಟ್ಟೆ ಜೂನ್ ಒಂದರಿಂದ ಖಾಲಿ.
ದೋಣಿಗಳಿಗೆ ಎರಡು ತಿಂಗಳ ರಜೆ, ತಕ್ಕಡಿಗೂ.
ಬ್ಲೀಚಿಂಗ್ ಹಾಕಿ ಮೂರು ಸಲ ನೆಲ ತಿಕ್ಕಿದೆವು;
ಬಂಗಡೆಯ ವಾಸನೆ ಮಾತ್ರ
ಟಿಕೇಟಿಲ್ಲದ ಪ್ರೇಕ್ಷಕನಂತೆ
ಮೂಲೆ ಹಿಡಿದು ಕೂತೇ ಇತ್ತು.

ಹದಿನೇಳು ಮಕ್ಕಳು. ಹಾಜರಿ ಪುಸ್ತಕದಲ್ಲಿ
ತಾಂಡೇಲ, ಹರಿಕಂತ್ರ, ಬಾನಾವಳಿ, ಫರ್ನಾಂಡಿಸ್.
ಐಸ್ ಹೊರುವ ಅಂಕುಶ ಬಂದದ್ದು
ನಾಟಕಕ್ಕಲ್ಲ, ಉಪ್ಪಿಟ್ಟಿಗೆ.
ಅವನೇ ಹೇಳಿದ, ಮೊದಲ ದಿನವೇ, ಎದ್ದು ನಿಂತು.
ನನಗೆ ಆ ಧ್ವನಿ ಬೇಕಿತ್ತು:
ಹರಾಜಿನ ಗದ್ದಲ ದಾಟಿ
ಬಂದರಿನ ಆ ತುದಿಗೆ ಬುಟ್ಟಿಯ ದರ ಮುಟ್ಟಿಸುವ ಧ್ವನಿ.
ರಾಜನ ಪಾತ್ರ ಅವನಿಗೇ ಕೊಟ್ಟೆ.

ನಾನು ಬ್ಯಾಡಗಿಯವಳು. ನಾಟಕ ಶಾಲೆಯಲ್ಲಿ
ಒಂದಿಡೀ ವರ್ಷ ಕಲಿತದ್ದು ಇಲ್ಲದ್ದನ್ನು ಹಿಡಿಯುವುದು.
ಇಲ್ಲದ ಗೋಡೆ, ಇಲ್ಲದ ಕೊಡ, ಇಲ್ಲದ ಬಾಗಿಲ ಚಿಲಕ.
ಮೂರನೆಯ ದಿನ ಇಲ್ಲದ ಹಗ್ಗ ಹಿಡಿದು
ಇಲ್ಲದ ಬಲೆ ಎಳೆದು ತೋರಿಸಿದೆ,
ಮೊಣಕಾಲು ಬಾಗಿಸಿ, ಹಲ್ಲು ಕಚ್ಚಿ, ಬೆವರಿ ಕೂಡ.
ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಟೀಚರ್," ಅಂದಳು ಹೇಮಲ ತಾಂಡೇಲ,
ತಪ್ಪು ನನ್ನದಲ್ಲ, ತನ್ನದೆಂಬಂತೆ ತಲೆ ತಗ್ಗಿಸಿ,
"ನಿಮ್ಮ ಹಗ್ಗ ಒಣಗಿದೆ."

ಎದ್ದು ಬಂದಳು. ಅದೇ ಗಾಳಿಯನ್ನು ಹಿಡಿದಳು.
ಮುಷ್ಟಿ ಒಂದು ಗೇಣು ಜಾರಿತು,
ಮತ್ತೆ ಬಿಗಿಯಿತು. ಹಿಮ್ಮಡಿ ಹಲಗೆ ಹುಡುಕಿತು.
ಅವಳ ಹಿಂದೆ ಒಬ್ಬ, ಅವನ ಹಿಂದೆ ಇಬ್ಬರು,
ಯಾರೂ ಕರೆಯದೆ ಸಾಲು ಬೆಳೆಯಿತು.
ಅಲೆ ಎತ್ತಿದಾಗ ತಡೆದು ನಿಂತರು;
ಇಳಿದಾಗ ಎಳೆದರು.
ಸಿಮೆಂಟಿನ ನೆಲ ಒಮ್ಮೆ ವಾಲಿತು.
ನಾನು ಕಂಬ ಹಿಡಿದುಕೊಂಡೆ.

"ನಿಮಗೆ ಏನು ಬರ್ತದೆ, ಅದು ಮಾಡಿ," ಅಂದ ಅಂಕುಶ.
ಮಾತಿನಲ್ಲಿ ಕುಹಕವಿರಲಿಲ್ಲ, ವ್ಯಾಪಾರವಿತ್ತು.

ಕೂತೆ. ಮಡಿಲ ತುಂಬ ಇಲ್ಲದ ಮೆಣಸಿನಕಾಯಿ.
ದಲಾಲಿ ಅಂಗಡಿಯ ಪಡಸಾಲೆ, ಪಕ್ಕದಲ್ಲಿ ಅವ್ವ,
ಕಿಲೋಕ್ಕೆ ಇಷ್ಟೆಂದು ತೊಟ್ಟು ಮುರಿದ ಬೇಸಿಗೆಗಳು.
ಬೆರಳಿಗೆ ಎಲ್ಲ ನೆನಪಿತ್ತು:
ಉರಿಯುವ ಕೈ ಕಣ್ಣಿಗೆ ತಾಗದಂತೆ
ಮೊಣಕೈಯಿಂದ ಕೂದಲು ಸರಿಸುವುದು,
ತಲೆ ಎತ್ತದೆ, ಕಾಯಿ ಅತ್ತ, ತೊಟ್ಟು ಇತ್ತ.
ನಾಟಕ ಶಾಲೆಯಲ್ಲಿ ಇದನ್ನು ಯಾರಿಗೂ ತೋರಿಸಿರಲಿಲ್ಲ.
ಅವ್ವ ಏನು ಮಾಡ್ತಾಳೆ ಎಂದರೆ
ಮನೆಯಲ್ಲಿರ್ತಾಳೆ ಅಂದಿದ್ದೆ.

ಮುಂದಿನ ಸಾಲಿನ ಪುಟ್ಟ ದತ್ತಾರಾಮ
ಸೀನಿದ.

ಆಮೇಲೆ ನಾಟಕ ತಾನಾಗಿ ಆಯಿತು ಎನ್ನಲಾರೆ.
ಜಗಳಗಳಾದವು. ಕಡಲಿಗೆ ಸುಂಕ ಹಾಕಿದ ರಾಜನ ಕಥೆಗೆ
ಕಡಲು ಯಾರಾಗಬೇಕು?
ನೀಲಿ ಸೀರೆ ಅಲ್ಲಾಡಿಸೋಣ ಅಂದೆ. ನಕ್ಕರು.
ಕನ್ನಡ ತಪ್ಪೀತೆಂದು ಬಾಯಿಯೇ ಬಿಡದ ಫ್ಲೋರಿನ್
ನಡುವೆ ಬಂದು ನಿಂತಳು.
"ದರ್ಯಾ ಕೈ ಬೀಸೂದಿಲ್ಲ," ಅಂದಳು.
ಉಸಿರಾಡಿದಳು, ಅಷ್ಟೇ.
ರಾಜ ಎಷ್ಟು ಕೂಗಿದರೂ ಅಷ್ಟೇ.

ಜುಲೈ ಮೂವತ್ತೊಂದರ ರಾತ್ರಿ ಆಟ.
ತಗಡಿನ ಮೇಲೆ ಮಳೆ, ಅರ್ಧ ಮಾತು ಅದರ ಪಾಲಾಯಿತು,
ಇನ್ನರ್ಧ ನಾಳೆ ಹೊರಡುವವರ ಫೋನಿನ ಪಾಲು.
ಬಲೆ ಎಳೆವ ದೃಶ್ಯ. ಗಡಿಬಿಡಿಯಲ್ಲಿ ಮಕ್ಕಳು
ಅಲೆ ಇಳಿಯುವ ಮೊದಲೇ ಎಳೆದರು.
"ತಡಿ! ತಡೀರೋ!" ಹಿಂದಿನಿಂದ ಯಾರದೋ ಅಜ್ಜ
ಬೀಡಿ ಎಸೆದು ಎದ್ದುನಿಂತು ಬೈದ.
ತಡೆದರು.
ಕಟ್ಟೆಯಲ್ಲಿದ್ದವರೆಲ್ಲ
ಆ ಒಂದು ಅಲೆ ಇಳಿಯುವವರೆಗೆ ಕಾದರು.

ಬೆಳಗಿನ ಜಾವ ನಾಲ್ಕು. ಪರದೆ ಬಿಚ್ಚಲು ಬಂದರೆ
ಪರದೆ ಯಾರೋ ಬಿಚ್ಚಿ ಮಡಚಿಟ್ಟಿದ್ದಾರೆ.
ಎಂಜಿನ್ನುಗಳ ಕೆಮ್ಮು, ಡೀಸೆಲ್ಲು, ಹೊಸ ಬುಟ್ಟಿಗಳು.
ತಲೆಯ ಮೇಲೆ ಐಸಿನ ದಿಮ್ಮಿ, ತುಟಿಯ ಮೇಲೆ
ಅರ್ಧ ಅಳಿಸಿದ ಕಾಡಿಗೆ ಮೀಸೆ,
ಅಂಕುಶ ನೇರ ನನ್ನತ್ತಲೇ ಬರುತ್ತಿದ್ದ.
"ಬದಿ! ಬದಿ!"

ಹೊಟ್ಟೆಯಾಳದಿಂದ ಬಂತು ಧ್ವನಿ,
ನಾನು ಹೇಳಿಕೊಟ್ಟ ಹಾಗಲ್ಲ, ಮೊದಲಿದ್ದ ಹಾಗೆ.
ಸರಿದು ನಿಂತೆ.
ನಿನ್ನೆ ಫ್ಲೋರಿನ್ ನಿಂತಿದ್ದ ಜಾಗದ ಮೇಲೆ
ಐಸು ತೊಟ್ಟಿಕ್ಕುತ್ತ ಹೋಯಿತು.