ನಡಾವಳಿ

ಸ್ವಿಚ್ಚು ನನ್ನ ಮೇಜಿನ ಕೆಳಗಿದೆ,
ಬಲಮೊಣಕಾಲಿಗೆ ತಾಗುವಷ್ಟು ಹತ್ತಿರ.
ಹತ್ತೊಂಬತ್ತು ವರ್ಷದಿಂದ ಅದನ್ನು ಒತ್ತುವವಳು ನಾನೇ.
ಅಧ್ಯಕ್ಷರು ಕನ್ನಡಕ ತೆಗೆದು ಮೇಜಿಗಿಟ್ಟರೆ
ಒತ್ತು ಎಂದರ್ಥ.
ಬಾಯಿಬಿಟ್ಟು ಹೇಳಿದ್ದಿಲ್ಲ.

ಕ್ರೇನ್ ಬೆಂಡ್. ಓಹಾಯೋ ನದಿ ಮಗ್ಗುಲು ಬದಲಿಸುವಲ್ಲಿ
ನಾಲ್ಕು ಸಾವಿರ ಜನ, ಎರಡು ಸೇತುವೆ,
ಬಣ್ಣ ಮಾಡುವ ಒಂದು ಕಾರ್ಖಾನೆ.
ತಿಂಗಳ ಮೊದಲ ಮಂಗಳವಾರ ಸಂಜೆ ಏಳಕ್ಕೆ ಸಭೆ.
ಬಾಗಿಲು ತೆರೆದೇ ಇರುತ್ತದೆ, ಬಾವುಟಕ್ಕೆ ಇಸ್ತ್ರಿಯಾಗಿರುತ್ತದೆ.
ಯಾರು ಬೇಕಾದರೂ ಬಂದು ಮಾತಾಡಬಹುದು
ಎಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿದೆ.
ಉಳಿದದ್ದು ಅದರ ಕೆಳಗೆ, ಸಣ್ಣಕ್ಷರದಲ್ಲಿ:

ನಾಲ್ಕು ಗಂಟೆಯೊಳಗೆ ಹಳದಿ ಚೀಟಿ ತುಂಬಿರಬೇಕು.
ಕಾರ್ಯಸೂಚಿಯಲ್ಲಿ ಇಲ್ಲದ್ದನ್ನು ಎತ್ತಬಾರದು.
ಸದಸ್ಯರ ಹೆಸರು ಹಿಡಿಯಬಾರದು.
ಪ್ರಶ್ನೆ ಕೇಳಬಹುದು, ಉತ್ತರಕ್ಕೆ ಕಾಯಬಾರದು.
ಚಪ್ಪಾಳೆ ಇಲ್ಲ. ವಸ್ತು ಪ್ರದರ್ಶನ ಇಲ್ಲ.
ಈ ಕೊನೆಯದು ಸೇರಿದ್ದು, ವೆರೋನಾ ಹ್ರುಸ್ಕಾ
ತನ್ನ ನಲ್ಲಿಯ ನೀರನ್ನು ಉಪ್ಪಿನಕಾಯಿ ಜಾಡಿಯಲ್ಲಿ
ತಂದ ಮಾರನೇ ತಿಂಗಳು.

ಚಹಾದ ಬಣ್ಣಕ್ಕಿತ್ತು ನೀರು.
ಅವಳೇನೂ ಕೂಗಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ
ಮೂವತ್ತು ವರ್ಷ ಸೂಪು ಬಡಿಸಿದವಳು, ಅದೇ ದನಿಯಲ್ಲಿ
"ಒಂದು ಗುಟುಕು ಕುಡಿಯಿರಿ, ಸಾಕು" ಅಂದಳು.
ಕನ್ನಡಕ ಮೇಜಿಗಿಳಿಯಿತು.
ಒತ್ತಿದೆ.
ನಡಾವಳಿಯಲ್ಲಿ ಬರೆದೆ: ನಾಗರಿಕರೊಬ್ಬರು
ನೀರಿನ ಕುರಿತು ಅಭಿಪ್ರಾಯ ಹಂಚಿಕೊಂಡರು.

ಲೆಕ್ಕ ನನಗಿಷ್ಟ. ಅದು ಸುಳ್ಳಾಡುವುದಿಲ್ಲ
ಎಂದುಕೊಂಡಿದ್ದೆ.
ಸಾರ್ವಜನಿಕರ ಪಾಲು ಒಟ್ಟು ಮೂವತ್ತು ನಿಮಿಷ.
ಹತ್ತು ಜನರವರೆಗೆ ತಲಾ ಮೂರು.
ಇಪ್ಪತ್ತಾದರೆ ಒಂದೂವರೆ.
ಫೆಬ್ರವರಿಯಲ್ಲಿ, ಹಿಮ ಮೊಣಕಾಲುದ್ದ ಬಿದ್ದ ಸಂಜೆ,
ಬೂಟು ಕೊಡವುತ್ತ ಬಂದವರು ತೊಂಬತ್ತು.
ಭಾಗಿಸಿದೆ. ತಲೆಗೆ ಇಪ್ಪತ್ತು ಸೆಕೆಂಡು.
ಸುಮ್ಮನೆ ಮುಂದುವರಿಸಿ ನೋಡಿದೆ:
ಊರಿಗೆ ಊರೇ ಬಂದು ನಿಂತರೆ
ಒಬ್ಬೊಬ್ಬರಿಗೆ ಅರೆ ಸೆಕೆಂಡೂ ಇಲ್ಲ,
'ಅ' ಎನ್ನಬಹುದು. 'ಆ' ಎನ್ನಲಾಗದು.

ಅವರಿಗೆ ಗೊತ್ತಿತ್ತು.
ವೆರೋನಾ ಒಂದೇ ಕಾಗದ ಬರೆದು
ಕತ್ತರಿಯಲ್ಲಿ ಸಾಲು ಸಾಲಾಗಿ ಕತ್ತರಿಸಿ ಹಂಚಿದ್ದಳು.
ಬೆಂಕಿ ಬಿದ್ದಾಗ ಬಕೆಟ್ಟು ಕೈಯಿಂದ ಕೈಗೆ ದಾಟುವಂತೆ
ವಾಕ್ಯ ದಾಟುತ್ತ ಹೋಯಿತು.
ಲಾರಿ ಎಳೆಯುವ ಓಟಿಸ್ ಪೆಟ್ಟಿಬೋನ್ ಓದಿದ: ಜೂನ್ ತಿಂಗಳಲ್ಲಿ
ಕೊಳವೆ ಬದಲಾಯಿತು, ನಮಗೆ
ದಾದಿ ಕೊರೆಟಾ ಓದಿದಳು: ಯಾರೂ ಹೇಳಲಿಲ್ಲ, ಜುಲೈಯಲ್ಲಿ ಮಕ್ಕಳ
ಮೈಮೇಲೆ
ಹೀಗೆ. ಯಾರದೋ ಬಾಯಲ್ಲಿ ತಲೆ, ಇನ್ಯಾರದೋ ಬಾಯಲ್ಲಿ ಬಾಲ.

ವಕೀಲರು ಬಗ್ಗಿ ಪಿಸುಗುಟ್ಟಿದರು.
ಇದು ತೊಂಬತ್ತು ಮಾತಲ್ಲ, ಒಂದೇ ಮಾತು.
ಒಂದು ಮಾತಿಗೆ ಮೂರೇ ನಿಮಿಷ.
ಆಗ ಹದಿನಾಲ್ಕನೆಯವರು ಮುಗಿಸುತ್ತಿದ್ದರು.
ಕನ್ನಡಕ ಇಳಿಯಿತು.

ಒಂಬತ್ತು ಸೆಕೆಂಡು ನಾನು ಒತ್ತಲಿಲ್ಲ.
ಅಷ್ಟರಲ್ಲಿ ಹದಿನೈದನೆಯವನು, ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಹುಡುಗ,
ತೊದಲುತ್ತ ಓದಿದ: ಈಗಲೂ ಅದನ್ನೇ
ಕುಡಿಯುತ್ತಿದ್ದೇವೆ, ಬೇರೆ
ಆಮೇಲೆ ಒತ್ತಿದೆ.

ನನ್ನ ಮನೆ ವೆರೋನಾಳ ಬೀದಿಯಲ್ಲೇ, ಮೂರು ಮನೆ ಕೆಳಗೆ.
ನಗರಸಭೆಯ ನೌಕರರಿಗೆ ಹಳದಿ ಚೀಟಿ ಇಲ್ಲ.
ಸಭೆಗೆ ಮುಂಚೆ ಏಳು ಲೋಟ ನೀರಿಡುವವಳೂ ನಾನೇ.
ಅಂಗಡಿಯ ಬಾಟಲಿಯದು.

ಆ ತಿಂಗಳ ನಡಾವಳಿಯಲ್ಲಿ ಹದಿನೈದೂ ಸಾಲು
ಹಾಗೆ ಹಾಗೇ ಬರೆದೆ. ಕೆಲಸ ಹೋಗುತ್ತದೆ ಎಂದುಕೊಂಡೆ.
ಮಾರ್ಚಿ ಮೊದಲ ಮಂಗಳವಾರ:
ಕಳೆದ ಸಭೆಯ ನಡಾವಳಿಯನ್ನು ಓದಲಾಗಿದೆಯೆಂದು ಭಾವಿಸಿ
ಸರ್ವಾನುಮತದಿಂದ ಅಂಗೀಕರಿಸಲಾಯಿತು.

ಉಳಿದ ಸಾಲುಗಳನ್ನು ಅಂದು ನೆಲದಿಂದ ಆರಿಸಿಕೊಂಡಿದ್ದೆ,
ಒದ್ದೆ ಬೂಟಿನಡಿ ಅಂಟಿದವನ್ನೂ.
ಎಪ್ಪತ್ತೊಂದು ಸಿಕ್ಕವು. ಡ್ರಾಯರಿನಲ್ಲಿವೆ.
ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಹರಡಿ
ಜೋಡಿಸಲು ನೋಡುತ್ತೇನೆ. ಯಾವುದರ ಮುಂದೆ ಯಾವುದು
ತಿಳಿಯುವುದಿಲ್ಲ.
ಒಂದರಲ್ಲಿ ಬರೀ ಇಷ್ಟಿದೆ: ಆದ್ದರಿಂದ ನಾವು